ಅಂಟಾರ್ಕ್ಟಿಕಾದ ಆ ಬಿಳಿ ಹಕ್ಕಿ ಹಿಕ್ಕೆ ತಿನ್ನುವುದೇಕೆ?

ಪ್ರಶ್ನೆ: ನಾನು ಅಂಕೋಲಾ ಕಡೆಯ ಒಂದು ಪ್ರಾಥಮಿಕ ಶಾಲೆಯಲ್ಲಿ ಕಲಿಸುತ್ತೇನೆ. ನನ್ನ ತಮ್ಮ ಪ್ರವಾಸಿ ಹಡಗೊಂದರ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಾನೆ. ಈ ಸಲ ಅವರ ಹಡಗು ಅರ್ಜೆಂಟೀನಾದ ಉಶುವಾಯಾ ಬಂದರಿನಿಂದ ಅಂಟಾರ್ಕ್ಟಿಕಾ ಕಡೆಗೆ ಹೋಗಿತ್ತು. ಅಲ್ಲಿಂದ ಒಂದು ವಿಡಿಯೊ ಕಳಿಸಿದ. ಪೆಂಗ್ವಿನ್‌ಗಳ ನಡುವೆ ಅಚ್ಚ ಬಿಳಿ ಹಕ್ಕಿಯೊಂದು ಓಡಾಡುತ್ತ ಅವುಗಳ ಹಿಕ್ಕೆಯನ್ನು ಹೆಕ್ಕಿ ತಿನ್ನುತ್ತಿತ್ತು. ಅಂಥದೇ ಇನ್ನೊಂದು ಹಕ್ಕಿ ಹಡಗಿನ ಡೆಕ್ ಮೇಲೆ ಒಂಟಿ ಕಾಲಲ್ಲಿ ನಿಂತಿತ್ತು. ಶಾಲೆಯಲ್ಲಿ ಮಕ್ಕಳಿಗೆ ತೋರಿಸಿದೆ. ಅದು ಪಾರಿವಾಳವಾ ಕೋಳಿಯಾ, ಇಷ್ಟು ಚಂದದ ಹಕ್ಕಿ ಹೊಲಸು ಯಾಕೆ ತಿನ್ನುತ್ತದೆ, ಹಡಗು ಹತ್ತಿ ನಮ್ಮ ಕಾರವಾರಕ್ಕೂ ಬರ್ತದಾ ಅಂತ ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. ತಮ್ಮ ಅದಕ್ಕೆ ಬ್ರೆಡ್ ಹಾಕಬಹುದಾ ಅಂತಲೂ ತಿಳಿಸಿ.

ಉತ್ತರ: ಅಕ್ಕೋರೇ, ಅದು ಶೀತ್‌ಬಿಲ್. ಪಾರಿವಾಳವೂ ಅಲ್ಲ, ಕೋಳಿಯೂ ಅಲ್ಲ. ಆದರೆ ಮಕ್ಕಳು ಹಾಗೆ ಕೇಳಿದ್ದು ಸರಿಯಾಗಿಯೇ ಇದೆ. ನಡೆಯುವಾಗ ತಲೆ ಆಡಿಸುತ್ತದೆ, ನೆಲ ಕುಕ್ಕುತ್ತ ಹೋಗುತ್ತದೆ, ಬೆನ್ನಟ್ಟಿದರೆ ಹಾರುವುದಕ್ಕಿಂತ ಓಡುವುದೇ ಜಾಸ್ತಿ. ಕಾಳಿ ನದಿಯ ಅಳಿವೆಯಲ್ಲಿ ಚಳಿಗಾಲಕ್ಕೆ ಬಂದು ಸೇರುವ ಸೀಗಲ್, ಗೊರವ, ನಮ್ಮ ಗದ್ದೆಬಯಲಿನ ಟಿಟ್ಟಿಭ ಇವೆಲ್ಲ ಯಾವ ದೊಡ್ಡ ಬಳಗಕ್ಕೆ ಸೇರುತ್ತವೋ ಇದೂ ಅದೇ ಬಳಗದ್ದು. ತೀರಾ ಹತ್ತಿರದ ನೆಂಟ ಅಂದರೆ ದಕ್ಷಿಣ ಅಮೆರಿಕದ ತುದಿಯಲ್ಲಿರುವ ಮೆಗೆಲಾನಿಕ್ ಪ್ಲೋವರ್ ಎಂಬ ಪುಟ್ಟ ಹಕ್ಕಿ. ಆಮೇಲೆ ನಮ್ಮ ದೇಶದ ಒಣ ಬಯಲುಗಳಲ್ಲಿ ರಾತ್ರಿ ಹೊತ್ತು ಕೂಗುವ ದೊಡ್ಡ ಕಣ್ಣಿನ ಸ್ಟೋನ್ ಕರ್ಲ್ಯೂ.

ಶೀತ್‌ಬಿಲ್‌ನಲ್ಲಿ ಎರಡೇ ಜಾತಿ. ನಿಮ್ಮ ತಮ್ಮ ನೋಡಿದ್ದು ಸ್ನೋಯಿ ಶೀತ್‌ಬಿಲ್. ಅದು ಅಂಟಾರ್ಕ್ಟಿಕ್ ಪೆನಿನ್ಸುಲಾ ಎಂಬ ಪರ್ಯಾಯ ದ್ವೀಪದಲ್ಲಿ, ದಕ್ಷಿಣ ಶೆಟ್‌ಲೆಂಡ್, ದಕ್ಷಿಣ ಆರ್ಕ್ನಿ, ದಕ್ಷಿಣ ಜಾರ್ಜಿಯಾ ದ್ವೀಪಗಳಲ್ಲಿ ಮರಿ ಮಾಡುತ್ತದೆ. ಮುಖದ ಮೇಲೆ ಗುಲಾಬಿ ಬಣ್ಣದ ಗಂಟುಗಂಟಾದ ಬರಿ ಚರ್ಮ ಇರುತ್ತದೆ. ಇನ್ನೊಂದು ಕಪ್ಪು ಮುಖದ ಶೀತ್‌ಬಿಲ್. ಅದು ಹಿಂದೂ ಮಹಾಸಾಗರದ ದಕ್ಷಿಣ ತುದಿಯ ಮೇರಿಯನ್, ಪ್ರಿನ್ಸ್ ಎಡ್ವರ್ಡ್, ಕ್ರೋಜೆ, ಕೆರ್ಗೆಲೆನ್, ಹರ್ಡ್ ದ್ವೀಪಗಳಲ್ಲಿ ಮಾತ್ರ ಇದೆ. ಎರಡಕ್ಕೂ ಕೊಕ್ಕಿನ ಬುಡದಲ್ಲಿ ಕೊಂಬಿನಂಥ ಗಟ್ಟಿ ಹೊದಿಕೆ ಇದೆ, ಅದು ಮೂಗಿನ ತೂತನ್ನು ಅರ್ಧ ಮುಚ್ಚಿಕೊಂಡಿರುತ್ತದೆ. ಉದ್ದ 34ರಿಂದ 41 ಸೆಂಟಿಮೀಟರ್, ತೂಕ ಸಾಮಾನ್ಯವಾಗಿ ಅರ್ಧದಿಂದ ಮುಕ್ಕಾಲು ಕಿಲೋ. ರೆಕ್ಕೆಯ ಮಣಿಕಟ್ಟಿನಲ್ಲಿ ಒಂದು ಸಣ್ಣ ಕಪ್ಪು ಮುಳ್ಳಿರುತ್ತದೆ, ಜಗಳ ಬಂದಾಗ ಅದರಿಂದ ಹೊಡೆದಾಡುತ್ತವೆ. ಮಕ್ಕಳಿಗೆ ಇದನ್ನು ಹೇಳಿ, ಖುಷಿಪಡುತ್ತಾರೆ.

ಈ ಹಕ್ಕಿಯನ್ನು ಹೊರಗಿನ ಲೋಕಕ್ಕೆ ಪರಿಚಯಿಸಿದ್ದು ಕ್ಯಾಪ್ಟನ್ ಕುಕ್‌ನ ಎರಡನೇ ಯಾನ. 1772ರಿಂದ 1775ರವರೆಗಿನ ಆ ಪಯಣದಲ್ಲಿ ಫಾರ್ಸ್ಟರ್ ಎಂಬ ಜರ್ಮನ್ ತಂದೆ ಮಗ ಇಬ್ಬರೂ ಗಿಡ, ಪ್ರಾಣಿಗಳ ಅಧ್ಯಯನಕ್ಕೆ ಹೋಗಿದ್ದರು.

ಈಗ ಅದರ ಕಾಲು ನೋಡಿ. ವಿಡಿಯೊ ನಿಲ್ಲಿಸಿ ದೊಡ್ಡದು ಮಾಡಿ ನೋಡಿದರೆ ಬೆರಳುಗಳ ನಡುವೆ ಜಾಲಪಾದ ಇಲ್ಲ ಅನ್ನುವುದು ಕಾಣುತ್ತದೆ. ಅಂಟಾರ್ಕ್ಟಿಕಾದಲ್ಲಿ ಮರಿ ಮಾಡುವ ಉಳಿದೆಲ್ಲ ಹಕ್ಕಿಗಳೂ ಒಂದಲ್ಲ ಒಂದು ರೀತಿ ಕಡಲನ್ನು ನೇರವಾಗಿ ಬಳಸುತ್ತವೆ. ಪೆಂಗ್ವಿನ್ ಮುಳುಗುತ್ತದೆ, ಪೆಟ್ರೆಲ್‌ಗಳು ಅಲೆಯ ಮೇಲಿಂದ ಹೆಕ್ಕುತ್ತವೆ, ಸ್ಕುವಾ ದೂರ ಹೋಗಿ ಮೀನು ಹಿಡಿಯುತ್ತದೆ. ಶೀತ್‌ಬಿಲ್‌ಗೆ ಮುಳುಗಲು ಬರುವುದಿಲ್ಲ, ಈಜುವುದೂ ಅಪರೂಪ. ಅದು ನೆಲದ ಹಕ್ಕಿ. ಮಕ್ಕಳ ಎರಡನೇ ಪ್ರಶ್ನೆಗೆ ಉತ್ತರ ಇರುವುದು ಇಲ್ಲೇ.

ಏಕೆಂದರೆ ಆ ನೆಲದಲ್ಲಿ ತಿನ್ನಲು ಏನೂ ಇಲ್ಲ. ನಮಗೆ ಇದನ್ನು ಕಲ್ಪಿಸಿಕೊಳ್ಳುವುದು ಕಷ್ಟ, ಒಂದು ಮಳೆಗಾಲ ಹಾಗೇ ಬಿಟ್ಟರೆ ಗೋಡೆಯಲ್ಲೂ ಗಿಡ ಏಳುವ ಜಿಲ್ಲೆ ನಮ್ಮದು. ಅಂಟಾರ್ಕ್ಟಿಕಾದಲ್ಲಿ ತಾನಾಗಿ ಬೆಳೆಯುವ ಹೂ ಬಿಡುವ ಸಸ್ಯಗಳು ಒಟ್ಟು ಎರಡೇ, ಒಂದು ಹುಲ್ಲು, ಇನ್ನೊಂದು ನೆಲಕ್ಕಂಟಿದ ಪುಟ್ಟ ಗಿಡ. ಮರ ಇಲ್ಲ, ಕಾಳಿಲ್ಲ, ಹಣ್ಣಿಲ್ಲ. ವರ್ಷವಿಡೀ ನೆಲದ ಮೇಲೇ ಇರುವ ಪ್ರಾಣಿಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಯಾವುದು ಗೊತ್ತಾ? ರೆಕ್ಕೆ ಇಲ್ಲದ ಒಂದು ನೊಣ. ಅದರ ಉದ್ದ ಕೆಲವೇ ಮಿಲಿಮೀಟರ್. ಇಂಥ ಕಡೆ ಅರ್ಧ ಕಿಲೋ ತೂಗುವ ಹಕ್ಕಿ ನೆಲವನ್ನೇ ನಂಬಿ ಬದುಕಬೇಕು.

ಅದೇ ಹೊತ್ತಿಗೆ ಪಕ್ಕದ ಸಮುದ್ರದಲ್ಲಿ ಆಹಾರ ರಾಶಿ ರಾಶಿ ಇದೆ. ನಾವು ಶೆಟ್ಲಿ ಅನ್ನುವ ಸಿಗಡಿಯನ್ನು ಹೋಲುವ ಕ್ರಿಲ್ ಎಂಬ ಜೀವಿ ಅಲ್ಲಿ ಹಿಂಡುಗಟ್ಟಿ ತೇಲುತ್ತದೆ. ಶೀತ್‌ಬಿಲ್‌ಗೆ ಅದು ಕೈಗೆಟುಕುವುದಿಲ್ಲ. ಎಟುಕುವಂತೆ ಮಾಡುವವರು ಪೆಂಗ್ವಿನ್ ಮತ್ತು ಸೀಲ್‌ಗಳು. ಪೆಂಗ್ವಿನ್ ಕಡಲಿಗೆ ಹೋಗಿ ಹೊಟ್ಟೆ ತುಂಬ ಕ್ರಿಲ್ ತುಂಬಿಕೊಂಡು ದಡಕ್ಕೆ ಬರುತ್ತದೆ, ಮರಿಗೆ ಉಣಿಸುತ್ತದೆ, ಹಿಕ್ಕೆ ಹಾಕುತ್ತದೆ, ಮೊಟ್ಟೆ ಇಡುತ್ತದೆ, ಕೆಲವು ಸಾಯುತ್ತವೆ. ಸೀಲ್ ದಡಕ್ಕೆ ಬಂದು ಹೆರುತ್ತದೆ, ಹಾಲೂಡಿಸುತ್ತದೆ. ಹೀಗೆ ಸಮುದ್ರದ ಆಹಾರವೆಲ್ಲ ಬೇರೆ ಬೇರೆ ರೂಪದಲ್ಲಿ ನೆಲಕ್ಕೆ ಬಂದು ಬೀಳುತ್ತದೆ, ಮತ್ತು ಆ ನೆಲದ ಮೇಲೆ ಅದನ್ನು ಹೆಕ್ಕಿಕೊಂಡು ಬದುಕಲು ಕಲಿತ ಹಕ್ಕಿ ಶೀತ್‌ಬಿಲ್. ನಾನು ಮಕ್ಕಳಿಗೆ ಹೇಳುವುದಾದರೆ ಇದೊಂದನ್ನೇ ಹೇಳುತ್ತೇನೆ, ಉಳಿದದ್ದೆಲ್ಲ ಇದರಿಂದಲೇ ಅರ್ಥವಾಗುತ್ತದೆ.

ಹಿಕ್ಕೆಯ ವಿಷಯವನ್ನೇ ತೆಗೆದುಕೊಳ್ಳಿ. ಪೆಂಗ್ವಿನ್ ಹಿಕ್ಕೆ ಅನೇಕ ಸಲ ಗುಲಾಬಿ ಬಣ್ಣ ಇರುತ್ತದೆ. ಅದು ಕ್ರಿಲ್‌ನ ಬಣ್ಣ. ಪೂರ್ತಿ ಅರಗದ ಆಹಾರ ಅದರಲ್ಲಿ ಉಳಿದಿರುತ್ತದೆ. ಕೊರೆಯುವ ಚಳಿಯಲ್ಲಿ ಮೈ ಬೆಚ್ಚಗಿಡಬೇಕಾದ ಹಕ್ಕಿ ಅದನ್ನು ಬಿಟ್ಟುಕೊಡಲು ಸಾಧ್ಯವೇ ಇಲ್ಲ. ಚಿನ್‌ಸ್ಟ್ರಾಪ್ ಪೆಂಗ್ವಿನ್‌ಗಳ ಹೊಟ್ಟೆಯಿಂದ ಬೀಳುವ ಲಾಡಿಹುಳವನ್ನೂ ತಿನ್ನುತ್ತದೆ. ಎಲಿಫೆಂಟ್ ಸೀಲ್ ಮರಿ ಹಾಕಿದ ಮೇಲೆ ಬೀಳುವ ಮಾಸು, ಹೊಕ್ಕುಳಬಳ್ಳಿಯ ತುಂಡು, ತಾಯಿಯ ಮೊಲೆಯಿಂದ ಸೋರಿದ ಹಾಲು, ಗಾಯದ ರಕ್ತ, ಸತ್ತ ಮರಿಗಳ ಮಾಂಸ ಯಾವುದೂ ಬಿಡುವುದಿಲ್ಲ. ಕಾಯದೆ ಬಿಟ್ಟ ಮೊಟ್ಟೆ ಕಂಡರೆ ಉರುಳಿಸಿಕೊಂಡು ಹೋಗಿ ಒಡೆದು ಕುಡಿಯುತ್ತದೆ. ನಿತ್ರಾಣವಾದ ಪುಟ್ಟ ಮರಿಯನ್ನು ಕೊಲ್ಲುವುದೂ ಉಂಟು, ಇದನ್ನು ಮಕ್ಕಳಿಂದ ಮುಚ್ಚಿಡಬೇಡಿ. ಇಳಿತದ ಹೊತ್ತಿಗೆ ಬಂಡೆಗಳ ಮೇಲಿನ ಚಿಪ್ಪುಜೀವಿ, ಪಾಚಿ ಕೂಡ ತಿನ್ನುತ್ತದೆ.

ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟು ಬಂದು ಮೀನು ಇಳಿಸುವಾಗ ಕಾಗೆ, ಗರುಡ, ಸೀಗಲ್ ಎಲ್ಲ ಸೇರಿ ಬಿದ್ದದ್ದನ್ನು ಚೊಕ್ಕ ಮಾಡುವುದನ್ನು ನಿಮ್ಮ ಮಕ್ಕಳು ನೋಡಿಯೇ ಇರುತ್ತಾರೆ. ಪೆಂಗ್ವಿನ್ ಬೀಡಿನಲ್ಲಿ ಶೀತ್‌ಬಿಲ್ ಆ ಕೆಲಸ ಮಾಡುತ್ತದೆ ಅಂತ ಹೇಳಿದರೆ ಅವರಿಗೆ ತಟ್ಟನೆ ಹೊಳೆಯುತ್ತದೆ.

ಇನ್ನು ಕಳ್ಳತನ. ನನಗೆ ಈ ಹಕ್ಕಿಯ ಬದುಕಿನಲ್ಲಿ ಅತ್ಯಂತ ಬೆರಗು ಹುಟ್ಟಿಸುವ ಭಾಗ ಇದು. ಪೆಂಗ್ವಿನ್ ಮರಿಗೆ ಉಣಿಸುವಾಗ ಹೊಟ್ಟೆಯೊಳಗಿನ ಕ್ರಿಲ್ ಅನ್ನು ಮೇಲಕ್ಕೆ ತಂದು ಮರಿಯ ಬಾಯಿಗೆ ಸುರಿಯುತ್ತದೆ. ಶೀತ್‌ಬಿಲ್ ಅದನ್ನೇ ಕಾಯುತ್ತ ಪಕ್ಕದಲ್ಲಿ ನಿಂತಿರುತ್ತದೆ, ಅನೇಕ ಸಲ ಗಂಡು ಹೆಣ್ಣು ಎರಡೂ ಸೇರಿ. ಮರಿಯ ಕೊಕ್ಕು ದೊಡ್ಡ ಪೆಂಗ್ವಿನ್ನಿನ ಬಾಯೊಳಗೆ ಇಳಿಯುವ ಗಳಿಗೆಗೆ ಸರಿಯಾಗಿ ಹಾರಿ ಬಂದು ಪೆಂಗ್ವಿನ್‌ಗೆ ಡಿಕ್ಕಿ ಹೊಡೆಯುತ್ತದೆ. ಪೆಂಗ್ವಿನ್ ಬೆದರುತ್ತದೆ, ತುತ್ತು ತಪ್ಪುತ್ತದೆ, ಕ್ರಿಲ್ ನೆಲಕ್ಕೆ ಚೆಲ್ಲುತ್ತದೆ. ಒಮ್ಮೆ ನೆಲಕ್ಕೆ ಬಿದ್ದದ್ದನ್ನು ಪೆಂಗ್ವಿನ್ ಹೆಕ್ಕಿ ತಿನ್ನುವುದಿಲ್ಲ. ಬಾಯಿಂದ ಬಾಯಿಗೆ ಬಂದರಷ್ಟೇ ಮರಿಗೆ ಅದು ಊಟ. ಹಾಗಾಗಿ ಚೆಲ್ಲಿದ್ದೆಲ್ಲ ಶೀತ್‌ಬಿಲ್‌ಗೆ. ತನಗಿಂತ ಎಷ್ಟೋ ಪಟ್ಟು ಭಾರದ ಹಕ್ಕಿಯ ಮೇಲೆ ಎರಗಲು ಅದಕ್ಕೆ ಹೆದರಿಕೆ ಇಲ್ಲ, ಯಾವಾಗ ಎರಗಬೇಕು ಅನ್ನುವ ಲೆಕ್ಕಾಚಾರ ಅಷ್ಟು ಪಕ್ಕಾ. ದಕ್ಷಿಣ ಆಫ್ರಿಕಾದ ಮೇರಿಯನ್ ದ್ವೀಪದಲ್ಲಿ ಅಲನ್ ಬರ್ಗರ್ ಎಂಬ ವಿಜ್ಞಾನಿ 1970ರ ದಶಕದಲ್ಲಿ ಕಪ್ಪು ಮುಖದ ಶೀತ್‌ಬಿಲ್‌ಗಳ ಬದುಕನ್ನು ತುಂಬ ಹತ್ತಿರದಿಂದ ಅಧ್ಯಯನ ಮಾಡಿದರು. ಪೆಂಗ್ವಿನ್ ಬೀಡಿನೊಳಗೆ ಒಂದೊಂದು ಜೋಡಿ ತನ್ನದೇ ಗಡಿ ಹಾಕಿಕೊಂಡು, ಬೇರೆ ಶೀತ್‌ಬಿಲ್ ಒಳಗೆ ಬಾರದಂತೆ ಕಾಯುತ್ತದೆ. ಒಳ್ಳೆಯ ಬೀಡು ಸಿಕ್ಕ ಜೋಡಿಗೆ ಊಟ ಜಾಸ್ತಿ, ಸಿಗದವಕ್ಕೆ ಕಷ್ಟ.

ಸಂಸಾರವೂ ಪೆಂಗ್ವಿನ್ ಪಂಚಾಂಗದ ಪ್ರಕಾರವೇ ನಡೆಯುತ್ತದೆ. ಬಂಡೆಯ ಸಂದಿಯಲ್ಲಿ, ಬಿಲದಲ್ಲಿ ಗೂಡು. ಗರಿ, ಪಾಚಿ, ಮೂಳೆ ಸಿಕ್ಕಿದ್ದು ಹಾಸು. ಡಿಸೆಂಬರ್, ಜನವರಿ ಹೊತ್ತಿಗೆ ಎರಡೋ ಮೂರೋ ಮೊಟ್ಟೆ, ಸುಮಾರು ಒಂದು ತಿಂಗಳು ಕಾವು. ಪೆಂಗ್ವಿನ್‌ಗಳು ತಮ್ಮ ಮರಿಗಳಿಗೆ ಎಡೆಬಿಡದೆ ಉಣಿಸುವ ದಿನಗಳಲ್ಲೇ ಇದರ ಮರಿಗಳೂ ಹೊರಬಂದಿರುತ್ತವೆ. ಮೊಟ್ಟೆಗಳು ಒಟ್ಟಿಗೆ ಒಡೆಯುವುದಿಲ್ಲ, ಒಂದರ ಹಿಂದೆ ಒಂದು. ಊಟ ಕಡಿಮೆಯಾದ ವರ್ಷ ಕೊನೆಯ ಮರಿ ಉಳಿಯುವುದು ಕಷ್ಟ.

ಪೆಂಗ್ವಿನ್ ಹೊರಟುಹೋದ ಮೇಲೆ ಏನು ಗತಿ? ಇಲ್ಲಿ ಎರಡು ಜಾತಿಗಳ ದಾರಿ ಬೇರೆ ಬೇರೆ. ಸ್ನೋಯಿ ಶೀತ್‌ಬಿಲ್‌ಗಳಲ್ಲಿ ಹೆಚ್ಚಿನವು ಚಳಿಗಾಲಕ್ಕೆ ಉತ್ತರಕ್ಕೆ ಹಾರಿ ದಕ್ಷಿಣ ಅಮೆರಿಕದ ತುದಿಯ ಕಡೆಯ ಫಾಕ್‌ಲೆಂಡ್, ಟಿಯೆರಾ ಡೆಲ್ ಫ್ಯೂಗೊ, ಪ್ಯಾಟಗೋನಿಯಾ ಕರಾವಳಿಗೆ ಹೋಗುತ್ತವೆ. ಕಪ್ಪು ಮುಖದ್ದು ದ್ವೀಪ ಬಿಟ್ಟು ಕದಲುವುದಿಲ್ಲ. ಕಿಂಗ್ ಪೆಂಗ್ವಿನ್ ಇರುವ ಕಡೆ ಅದಕ್ಕೆ ತೊಂದರೆ ಇಲ್ಲ, ಏಕೆಂದರೆ ಕಿಂಗ್ ಪೆಂಗ್ವಿನ್ ಒಂದು ಮರಿ ಬೆಳೆಸಲು ವರ್ಷಕ್ಕಿಂತ ಜಾಸ್ತಿ ಕಾಲ ತೆಗೆದುಕೊಳ್ಳುತ್ತದೆ, ಬೀಡು ಎಂದೂ ಖಾಲಿಯಾಗುವುದಿಲ್ಲ. ಉಳಿದ ಶೀತ್‌ಬಿಲ್‌ಗಳು ಚಳಿಗಾಲದಲ್ಲಿ ಜೌಗು ನೆಲ ಕೆದಕಿ ಎರೆಹುಳ, ಹುಳದ ಮರಿ ತಿಂದು ದಿನ ದೂಡುತ್ತವೆ.

ಮೇರಿಯನ್‌ನಲ್ಲಿ ಈ ಊಟಕ್ಕೇ ಕುತ್ತು ಬಂತು. ಸುಮಾರು 290 ಚದರ ಕಿಲೋಮೀಟರ್‌ನ ದ್ವೀಪ ಅದು. ಹತ್ತೊಂಬತ್ತನೇ ಶತಮಾನದಲ್ಲಿ ಸೀಲ್ ಬೇಟೆಗಾರರ ಹಡಗುಗಳ ಜೊತೆ ಸುಂಡಿಲಿ ಅಲ್ಲಿಗೆ ಬಂದಿಳಿದವು. 1949ರಲ್ಲಿ ಹವಾಮಾನ ಕೇಂದ್ರದವರು ಇಲಿ ಹಿಡಿಯಲಿ ಅಂತ ಐದು ಬೆಕ್ಕು ತಂದರು. ಬೆಕ್ಕುಗಳು ಕಡಲ ಹಕ್ಕಿಗಳನ್ನು ತಿಂದು ಸಾವಿರಾರಾಗಿ ಬೆಳೆದವು, ಅವುಗಳನ್ನು ಪೂರ್ತಿ ತೆಗೆಯುವಷ್ಟರಲ್ಲಿ 1991 ಆಗಿತ್ತು. ಇಲಿ ಮಾತ್ರ ಹಾಗೇ ಉಳಿಯಿತು. ಅದು ಶೀತ್‌ಬಿಲ್ ತಿನ್ನುವ ಹುಳಗಳನ್ನೇ ತಿನ್ನುತ್ತದೆ. ಮೇರಿಯನ್‌ನಲ್ಲಿ ಶೀತ್‌ಬಿಲ್ ಕಡಿಮೆಯಾದವು. ಇಪ್ಪತ್ತು ಕಿಲೋಮೀಟರ್ ಆಸುಪಾಸಿನಲ್ಲಿರುವ ಪ್ರಿನ್ಸ್ ಎಡ್ವರ್ಡ್ ದ್ವೀಪದಲ್ಲಿ ಇಲಿ ಇಲ್ಲ, ಅಲ್ಲಿ ಹೀಗಾಗಲಿಲ್ಲ. ಈ ಹೋಲಿಕೆ ನೋಡಿಯೇ ಸಂಶೋಧಕರು ಇಲಿಯತ್ತ ಬೊಟ್ಟು ಮಾಡಿದ್ದು. ಈಗ ಮೇರಿಯನ್‌ನ ಇಲಿಗಳು ಆಲ್ಬಟ್ರಾಸ್ ಎಂಬ ದೊಡ್ಡ ಕಡಲ ಹಕ್ಕಿಯ ಮರಿಗಳನ್ನೂ ಕಚ್ಚಿ ಕೊಲ್ಲುತ್ತಿವೆ. ಹೆಲಿಕಾಪ್ಟರ್‌ನಿಂದ ವಿಷದ ಕಾಳು ಚೆಲ್ಲಿ ಇಲಿಗಳನ್ನು ಇಲ್ಲವಾಗಿಸುವ ಯೋಜನೆ ತಯಾರಿಯಲ್ಲಿದೆ. ಅದು ಆಗಲೇಬೇಕು ಅನ್ನುವುದು ನನ್ನ ಅಭಿಪ್ರಾಯ. ಆದರೆ ಸತ್ತ ಇಲಿಯನ್ನೂ ಬಿಡದೆ ತಿನ್ನುವ ಹಕ್ಕಿ ಶೀತ್‌ಬಿಲ್, ಆದ್ದರಿಂದ ಅಲ್ಲಿ ಎಲ್ಲಕ್ಕಿಂತ ಜಾಸ್ತಿ ಜೋಪಾನ ಮಾಡಬೇಕಾದ್ದೂ ಅದನ್ನೇ.

ಮೂರನೇ ಪ್ರಶ್ನೆ, ಕಾರವಾರಕ್ಕೆ ಬರುತ್ತದಾ? ತರಗತಿಯಲ್ಲಿ ಗ್ಲೋಬ್ ಇದ್ದರೆ ಒಂದು ಕೆಲಸ ಮಾಡಿಸಿ. ಕಾರವಾರದ ಮೇಲೆ ಬೆರಳಿಟ್ಟು ನೆಟ್ಟಗೆ ದಕ್ಷಿಣಕ್ಕೆ ಎಳೆಯಲು ಹೇಳಿ. ಮಾಲ್ದೀವ್ಸ್ ಪಕ್ಕದಲ್ಲೇ ಹಾದು, ಭೂಮಧ್ಯರೇಖೆ ದಾಟಿ, ಬರಿ ನೀರಿನ ಮೇಲೆ ಹೋಗುತ್ತ ಹೋಗುತ್ತ ಬೆರಳು ಹರ್ಡ್ ದ್ವೀಪದ ಹತ್ತಿರ ಬಂದು ಮುಟ್ಟುತ್ತದೆ. ಕಾರವಾರ 74 ಡಿಗ್ರಿ ಪೂರ್ವ ರೇಖಾಂಶದಲ್ಲಿದ್ದರೆ ಹರ್ಡ್ ಇರುವುದು 73 ಚಿಲ್ಲರೆಯಲ್ಲಿ. ನಡುವೆ ಸುಮಾರು 7,500 ಕಿಲೋಮೀಟರ್. ಹಿಮ ಹೊದ್ದ ಜ್ವಾಲಾಮುಖಿ ಇರುವ, ಮನುಷ್ಯರಿಲ್ಲದ ಆ ಆಸ್ಟ್ರೇಲಿಯಾದ ದ್ವೀಪದಲ್ಲಿ ಕಪ್ಪು ಮುಖದ ಶೀತ್‌ಬಿಲ್ ಇದೆ. ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ನಿಂತರೆ ಎದುರಿಗಿರುವ ಅರಬ್ಬಿ ಸಮುದ್ರವೂ ಆ ಹಕ್ಕಿಯ ಸಮುದ್ರವೂ ಒಂದೇ ಮಹಾಸಾಗರದ ಎರಡು ತುದಿ.

ಆದರೂ ಅದು ಇಲ್ಲಿಗೆ ಬರುವುದಿಲ್ಲ. ಭಾರತದ ಹಕ್ಕಿಗಳ ಪಟ್ಟಿಯಲ್ಲಿ ಶೀತ್‌ಬಿಲ್ ಇಲ್ಲ. ಕಪ್ಪು ಮುಖದ್ದು ವಲಸೆ ಹೋಗುವುದೇ ಇಲ್ಲ. ಸ್ನೋಯಿ ಶೀತ್‌ಬಿಲ್ ಹೋಗುತ್ತದೆ, ಅದಕ್ಕೆ ಹಡಗು ಹತ್ತುವ ಅಭ್ಯಾಸವೂ ಇದೆ. ಅಂಟಾರ್ಕ್ಟಿಕಾಕ್ಕೂ ದಕ್ಷಿಣ ಅಮೆರಿಕಕ್ಕೂ ನಡುವೆ ಡ್ರೇಕ್ ಪ್ಯಾಸೇಜ್ ಅನ್ನುವ, ಸುಮಾರು 800 ಕಿಲೋಮೀಟರ್ ಅಗಲದ, ಸದಾ ಬಿರುಗಾಳಿಯ ಸಮುದ್ರ ಇದೆ. ನೀರಿನ ಮೇಲೆ ಕೂತು ಸುಧಾರಿಸಿಕೊಳ್ಳುವ ಹಕ್ಕಿಗಳಿಗೆ ಅದು ದೊಡ್ಡದಲ್ಲ. ಜಾಲಪಾದ ಇಲ್ಲದ ಹಕ್ಕಿಗೆ ಒಂದು ತೇಲುವ ಹಿಮಗಡ್ಡೆಯೋ, ಒಂದು ಹಡಗೋ ಸಿಕ್ಕರೆ ಎಷ್ಟು ಅನುಕೂಲ ಅಲ್ವಾ. ನಿಮ್ಮ ತಮ್ಮನ ಹಡಗಿನ ಮೇಲೆ ಅದು ಬಂದು ನಿಂತದ್ದು ಹೀಗೆ. ಒಂಟಿ ಕಾಲಲ್ಲಿ ನಿಂತದ್ದು ಗಾಯವಾಗಿ ಇರಲಿಕ್ಕಿಲ್ಲ, ಇನ್ನೊಂದು ಕಾಲನ್ನು ಗರಿಯೊಳಗೆ ಬೆಚ್ಚಗೆ ಇಟ್ಟುಕೊಂಡಿರುತ್ತದೆ. ಹೀಗೆ ಹಡಗಿನ ಮೇಲೆ ಸವಾರಿ ಮಾಡಿ ದಕ್ಷಿಣ ಆಫ್ರಿಕಾದವರೆಗೆ ಹೋದದ್ದುಂಟು, ಯುರೋಪಿನ ಕರಾವಳಿಯಲ್ಲೂ ಕಂಡದ್ದುಂಟು. ಆದರೆ ದಪ್ಪ ಗರಿಯ, ಚಳಿಗೆ ಒಗ್ಗಿದ ಹಕ್ಕಿ ಅದು. ಪೆಂಗ್ವಿನ್ ಇಲ್ಲದ, ಸೀಲ್ ಇಲ್ಲದ ಬಿಸಿ ಕರಾವಳಿಯಲ್ಲಿ ಅದಕ್ಕೆ ಬದುಕಿಲ್ಲ.

ಮಕ್ಕಳಿಗೆ ನಿರಾಸೆಯಾಗದಿರಲಿ, ಅದರ ನೆರೆಯವನೊಬ್ಬ ಖಂಡಿತ ಬರುತ್ತಾನೆ. ವಿಲ್ಸನ್ಸ್ ಸ್ಟಾರ್ಮ್ ಪೆಟ್ರೆಲ್ ಅಂತ ಹೆಸರು. ತೂಕ ಬರಿ 40 ಗ್ರಾಂ ಆಸುಪಾಸು, ಕಂದುಗಪ್ಪು ಬಣ್ಣ, ಬಾಲದ ಬುಡದಲ್ಲಿ ಬಿಳಿ ಪಟ್ಟೆ. ಹರ್ಡ್, ಕೆರ್ಗೆಲೆನ್, ಅಂಟಾರ್ಕ್ಟಿಕಾ ಕರಾವಳಿಯಲ್ಲಿ ಮರಿ ಮಾಡಿ, ಅಲ್ಲಿ ಚಳಿಗಾಲ ಬಂದಾಗ ಅಂದರೆ ನಮಗೆ ಮಳೆಗಾಲ ಬಂದಾಗ ಅರಬ್ಬಿ ಸಮುದ್ರಕ್ಕೆ ಬರುತ್ತದೆ. ದಡದಿಂದ ಕಾಣುವುದು ಅಪರೂಪ. ದೂರ ಹೋಗುವ ಬೋಟಿನವರು ನೋಡಿರುತ್ತಾರೆ. ನೀರಿಗೆ ಕಾಲು ತಾಗಿಸುತ್ತ ಅಲೆಯ ಮೇಲೆ ಹೆಜ್ಜೆ ಹಾಕಿದಂತೆ ಹಾರುವ ಪುಟ್ಟ ಕಪ್ಪು ಹಕ್ಕಿ ಅಂತ ಹೇಳಿ, ನಿಮ್ಮ ತರಗತಿಯಲ್ಲಿ ಮೀನುಗಾರರ ಮಕ್ಕಳಿದ್ದರೆ ಮನೆಯಲ್ಲಿ ಕೇಳಿಕೊಂಡು ಬರಲಿ. ಮಳೆಗಾಲದ ಗಾಳಿಗೆ ಸಿಕ್ಕಿ ಬಳಲಿದ ಕಡಲ ಹಕ್ಕಿಗಳು ಒಮ್ಮೊಮ್ಮೆ ನಮ್ಮ ತೀರಕ್ಕೆ ಬಂದು ಬೀಳುವುದಿದೆ. ಸಿಕ್ಕರೆ ಸಮುದ್ರಕ್ಕೆ ಎಸೆಯಬಾರದು. ಬಟ್ಟೆ ಹಾಸಿದ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲಲ್ಲಿಟ್ಟು ಅರಣ್ಯ ಇಲಾಖೆಗೆ ತಿಳಿಸಬೇಕು.

ಇನ್ನೊಂದು ಗೊಂದಲ ಆಗುವುದುಂಟು. ನಮ್ಮ ಪಕ್ಕದ ಗೋವಾದ ವಾಸ್ಕೋದಲ್ಲೇ ಧ್ರುವ ಸಂಶೋಧನೆಯ ರಾಷ್ಟ್ರೀಯ ಕೇಂದ್ರ ಇದೆ, ಅಲ್ಲಿಂದಲೇ ಭಾರತದ ಅಂಟಾರ್ಕ್ಟಿಕಾ ಯಾತ್ರೆಗಳು ನಡೆಯುತ್ತವೆ. ನಮ್ಮ ಮೈತ್ರಿ, ಭಾರತಿ ನೆಲೆಗಳ ಕಡೆಯಿಂದ ಬರುವ ಬಿಳಿ ಹಕ್ಕಿಯ ಫೋಟೊ ಶೀತ್‌ಬಿಲ್‌ನದ್ದಲ್ಲ. ಆ ನೆಲೆಗಳಿರುವುದು ಪೂರ್ವ ಅಂಟಾರ್ಕ್ಟಿಕಾದಲ್ಲಿ. ಅಲ್ಲಿನ ಬಿಳಿ ಹಕ್ಕಿ ಸ್ನೋ ಪೆಟ್ರೆಲ್, ಕೊಕ್ಕು ಕಪ್ಪು, ಮುಖದಲ್ಲಿ ಗಂಟಿಲ್ಲ, ಕಾಲಿಗೆ ಜಾಲ ಉಂಟು.

ಕೊನೆಗೆ ಬ್ರೆಡ್. ದಯವಿಟ್ಟು ಹಾಕಬಾರದು ಅಂತ ತಮ್ಮನಿಗೆ ಹೇಳಿ. ಶೀತ್‌ಬಿಲ್ ಹತ್ತಿರ ಬರುತ್ತದೆ, ಬ್ಯಾಗಿನ ಪಟ್ಟಿ ಎಳೆಯುತ್ತದೆ, ಬೂಟು ಕುಕ್ಕುತ್ತದೆ, ಕೊಟ್ಟರೆ ತಿಂದೂ ಬಿಡುತ್ತದೆ, ಹಾಗಾಗಿ ಆಸೆಯಾಗುವುದು ಸಹಜ. ಅಂಟಾರ್ಕ್ಟಿಕಾ ಪರಿಸರ ರಕ್ಷಣೆಗೆ 1991ರಲ್ಲಿ ಮ್ಯಾಡ್ರಿಡ್‌ನಲ್ಲಿ ಒಪ್ಪಂದ ಆಗಿ 1998ರಲ್ಲಿ ಜಾರಿಗೆ ಬಂತು. ಅದರ ಪ್ರಕಾರ ಅಲ್ಲಿನ ಪ್ರಾಣಿ ಪಕ್ಷಿಗಳನ್ನು ತೊಂದರೆಪಡಿಸುವಂತಿಲ್ಲ, ಅಲ್ಲಿಗೆ ಹೋಗುವವರಿಗೆ ಅವುಗಳಿಗೆ ತಿನಿಸು ಹಾಕಬಾರದು ಅಂತಲೇ ಹೇಳುತ್ತಾರೆ. ನಿಮ್ಮ ತಮ್ಮ ಅಡುಗೆಮನೆಯವನಾದ್ದರಿಂದ ಇನ್ನೊಂದು ವಿಷಯ ಅವನಿಗೆ ನೇರವಾಗಿ ಸಂಬಂಧಿಸಿದ್ದು. ಒಯ್ಯುವ ಕೋಳಿಮಾಂಸಕ್ಕೆ ರೋಗ ಇಲ್ಲ ಅಂತ ಮೊದಲೇ ತಪಾಸಣೆ ಆಗಬೇಕು, ತಿನ್ನದೆ ಉಳಿದ ಕೋಳಿಯ ಒಂದು ತುಂಡೂ ಅಲ್ಲಿ ಉಳಿಯಬಾರದು ಅಂತ ಅದೇ ಒಪ್ಪಂದದಲ್ಲಿ ಬರೆದಿದೆ. ಕೋಳಿಯ ರೋಗ ಅಲ್ಲಿನ ಹಕ್ಕಿಗಳಿಗೆ ತಗಲಬಾರದು ಅನ್ನುವುದು ಕಾರಣ, ಮತ್ತು ಕಸದ ಡಬ್ಬಿಗೆ ಮೊದಲು ಬಾಯಿ ಹಾಕುವ ಹಕ್ಕಿ ಶೀತ್‌ಬಿಲ್.

ಈಗಂತೂ ಎಚ್ಚರ ಇನ್ನೂ ಜಾಸ್ತಿ ಬೇಕು. 2023ರ ಅಕ್ಟೋಬರ್‌ನಲ್ಲಿ ಮಾರಕ ಹಕ್ಕಿಜ್ವರ ದಕ್ಷಿಣ ಜಾರ್ಜಿಯಾದ ಬರ್ಡ್ ಐಲ್ಯಾಂಡ್‌ನ ಸ್ಕುವಾಗಳಲ್ಲಿ ಕಾಣಿಸಿಕೊಂಡಿತು. 2024ರ ಫೆಬ್ರವರಿಯಲ್ಲಿ ಅಂಟಾರ್ಕ್ಟಿಕ್ ಪೆನಿನ್ಸುಲಾದಲ್ಲೂ ಖಚಿತವಾಯಿತು. ಸತ್ತದ್ದನ್ನು ತಿಂದು ಬದುಕುವ ಹಕ್ಕಿಗೆ ಇಂಥ ರೋಗ ಬೇಗ ತಗಲುತ್ತದೆ. ಇಡೀ ಲೋಕದಲ್ಲಿ ಸ್ನೋಯಿ ಶೀತ್‌ಬಿಲ್ ಇರುವುದು ಸುಮಾರು ಹತ್ತು ಸಾವಿರ ಜೋಡಿ ಅಂತ ಅಂದಾಜು. ಸದ್ಯಕ್ಕೆ ಅಳಿವಿನಂಚಿನ ಪಟ್ಟಿಯಲ್ಲಿಲ್ಲ, ಆದರೆ ಅದೇನೂ ದೊಡ್ಡ ಸಂಖ್ಯೆಯಲ್ಲ. ಡೆಕ್ ಮೇಲೆ ಬಂದರೆ ಮುಟ್ಟದೆ ಹಾಗೇ ಬಿಡಲಿ, ಹಡಗಿನಲ್ಲಿರುವ ವನ್ಯಜೀವಿ ಮಾರ್ಗದರ್ಶಕರಿಗೆ ಹೇಳಲಿ. ದ್ವೀಪಕ್ಕೆ ಇಳಿಯುವ ಅವಕಾಶ ಸಿಕ್ಕರೆ ಇಳಿಯುವ ಮೊದಲೂ ಹತ್ತಿದ ಮೇಲೂ ಬೂಟು ತೊಳೆಯುವುದನ್ನು ಸುಮ್ನೆ ಶಾಸ್ತ್ರಕ್ಕೆ ಮಾಡದೆ ಸರಿಯಾಗಿ ಮಾಡಲಿ.

ಮುಂದಿನ ಸಲ ವಿಡಿಯೊ ತೆಗೆದರೆ ದೂರದಿಂದಲೇ ಜೂಮ್ ಮಾಡಿ ಮುಖ ಮತ್ತು ಕಾಲು ಸ್ಪಷ್ಟವಾಗಿ ಬರುವಂತೆ ತೆಗೆಯಲು ಹೇಳಿ. ಕಾಲಿಗೆ ಸಂಶೋಧಕರು ಹಾಕಿದ ಉಂಗುರ ಇದ್ದರೆ ಅದರ ಬಣ್ಣ, ಅಕ್ಷರ, ತಾರೀಖು, ಜಾಗ ಬರೆದುಕೊಂಡು ಅದೇ ಮಾರ್ಗದರ್ಶಕರಿಗೆ ಕೊಟ್ಟರೆ ಸಂಬಂಧಪಟ್ಟವರಿಗೆ ತಲುಪಿಸುತ್ತಾರೆ. ಮಕ್ಕಳಿಗೆ ಇನ್ನೂ ಪ್ರಶ್ನೆ ಇದ್ದರೆ ಬರೆದು ಕಳಿಸಿ.